ಪರಮಾಣುವಿನ ಬಾಗಿಲು ತಟ್ಟಿದ ಲಾರೆನ್ಸ್

ಹಣ್ಣಿನ ಒಳಗೆ ಏನಿದೆಯೆಂದು ತಿಳಿಯಬೇಕಾದರೆ ಅದನ್ನು ಕೊಯ್ದು ನೋಡಬಹುದು. ಗಟ್ಟಿಯಾದ ಬೀಜವನ್ನು ಕಲ್ಲಿನಿಂದ ಕುಟ್ಟಿ ಒಡೆಯಬಹುದು. ಆದರೆ ಯಾವ ಸೂಕ್ಷ್ಮದರ್ಶಕಕ್ಕೂ ಎಟುಕದ ಪರಮಾಣುವಿನ ಬೀಜಕೇಂದ್ರವನ್ನು ಒಡೆದು ನೋಡುವ ಬಗೆ ಹೇಗೆ? ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಭೌತವಿಜ್ಞಾನಿಗಳನ್ನು ಕಾಡಿದ ಪ್ರಶ್ನೆ ಇದು. ಈ ಪ್ರಶ್ನೆಗೆ ಒಂದು ಚಿಕ್ಕ ಚಕ್ರಾಕಾರದ ಯಂತ್ರದ ಮೂಲಕ ಉತ್ತರ ಕೊಟ್ಟವನು ಅಮೆರಿಕದ ಅರ್ನೆಸ್ಟ್ ಆರ್ಲಾಂಡೊ ಲಾರೆನ್ಸ್. ಅಂಗೈಯಲ್ಲಿ ಹಿಡಿಯಬಹುದಾಗಿದ್ದ ಆ ಯಂತ್ರವೇ ಮುಂದೆ ಊರಿನಷ್ಟು ವಿಶಾಲವಾದ ಯಂತ್ರಗಳಿಗೆ ದಾರಿ ತೋರಿತು.

ಲಾರೆನ್ಸ್ 1901ರ ಆಗಸ್ಟ್ 8ರಂದು ಅಮೆರಿಕದ ದಕ್ಷಿಣ ಡಕೋಟ ರಾಜ್ಯದ ಕ್ಯಾಂಟನ್ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ಅವನ ಪೂರ್ವಜರು ನಾರ್ವೆ ದೇಶದಿಂದ ವಲಸೆ ಬಂದವರು. ತಂದೆ ಕಾರ್ಲ್ ಮತ್ತು ತಾಯಿ ಗುಂಡಾ ಇಬ್ಬರೂ ಶಿಕ್ಷಕ ವೃತ್ತಿಯಲ್ಲಿದ್ದವರು. ಮನೆಯಲ್ಲಿ ವಿದ್ಯೆಗೆ ಕೊರತೆಯಿರಲಿಲ್ಲ; ಹಣ ಮಾತ್ರ ಹೇರಳವಾಗಿರಲಿಲ್ಲ. ನೆರೆಮನೆಯ ಮರ್ಲ್ ಟ್ಯೂವ್ ಅವನ ಬಾಲ್ಯದ ಗೆಳೆಯ. ಇಬ್ಬರು ಹುಡುಗರೂ ಸೇರಿ ತಂತಿ, ಸುರುಳಿ, ವಿದ್ಯುತ್ಕೋಶಗಳನ್ನು ಕೂಡಿಹಾಕಿ ನಿಸ್ತಂತು ಯಂತ್ರವೊಂದನ್ನು ಕಟ್ಟಿದರು. ಕೆಟ್ಟುಹೋದುದನ್ನು ಬಿಚ್ಚಿ ನೋಡುವ, ಬಿಚ್ಚಿದುದನ್ನು ಮತ್ತೆ ಜೋಡಿಸುವ ಆ ಆಟದಲ್ಲಿ ಇಬ್ಬರ ಭವಿಷ್ಯವೂ ಅಡಗಿತ್ತು. ಮುಂದೆ ಟ್ಯೂವ್ ಕೂಡ ಹೆಸರಾಂತ ಭೌತವಿಜ್ಞಾನಿಯಾದನು.

ಕಾಲೇಜಿನ ಖರ್ಚಿಗಾಗಿ ಲಾರೆನ್ಸ್ ಮನೆಮನೆಗೆ ಹೋಗಿ ಅಲ್ಯೂಮಿನಿಯಮ್ ಪಾತ್ರೆಗಳನ್ನು ಮಾರಿದನು. ದಕ್ಷಿಣ ಡಕೋಟ ವಿಶ್ವವಿದ್ಯಾಲಯವನ್ನು ಸೇರಿದಾಗ ಅವನ ಮನಸ್ಸು ವೈದ್ಯ ವಿದ್ಯೆಯ ಕಡೆಗಿತ್ತು. ಅಲ್ಲಿನ ಪ್ರಾಧ್ಯಾಪಕ ಲೂಯಿಸ್ ಏಕ್ಲಿ ಈ ಹುಡುಗನ ಕೈಚಳಕವನ್ನೂ ಕುತೂಹಲವನ್ನೂ ಗುರುತಿಸಿ, ಅವನಿಗೆ ಭೌತವಿಜ್ಞಾನವನ್ನು ವಿಶೇಷವಾಗಿ ಬೋಧಿಸಿದನು. ಆ ಗುರುವಿನ ಪ್ರಭಾವದಿಂದ ಲಾರೆನ್ಸನ ಬದುಕಿನ ದಿಕ್ಕೇ ಬದಲಾಯಿತು. ಅವನು 1922ರಲ್ಲಿ ಪದವಿಯನ್ನೂ 1925ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟನ್ನೂ ಪಡೆದನು. 1928ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರಕ್ಕೆ ಅಧ್ಯಾಪಕನಾಗಿ ಬಂದನು. ಯೇಲ್‌ನಂತಹ ಹಳೆಯ, ಪ್ರತಿಷ್ಠಿತ ವಿದ್ಯಾಕೇಂದ್ರವನ್ನು ಬಿಟ್ಟು ಪಶ್ಚಿಮ ಕರಾವಳಿಗೆ ಹೋಗುವುದು ಅವಿವೇಕವೆಂದು ಹಲವರಿಗೆ ತೋರಿತು. ಆದರೆ ಹೊಸ ಕೆಲಸಕ್ಕೆ ಹೊಸ ನೆಲವೇ ಒಳ್ಳೆಯದೆಂದು ಲಾರೆನ್ಸ್ ಭಾವಿಸಿದನು.

ಆ ಕಾಲಕ್ಕೆ ಪರಮಾಣುವಿನ ಬಗೆಗೆ ತಿಳಿದಿದ್ದುದು ಸ್ವಲ್ಪವೇ. ಪರಮಾಣುವಿನ ನಡುವೆ ಧನ ವಿದ್ಯುದಾವೇಶವುಳ್ಳ ಅತಿ ಸಣ್ಣ ಬೀಜಕೇಂದ್ರವಿದೆಯೆಂಬುದನ್ನು ರುದರ್‌ಫರ್ಡ್ 1911ರಲ್ಲಿ ಸಾರಿದ್ದನು. ರೇಡಿಯಮ್ಮಿನಂತಹ ಧಾತುಗಳು ತಾವಾಗಿಯೇ ಹೊರಚಿಮ್ಮುವ ಆಲ್ಫಾ ಕಣಗಳನ್ನು ಗುಂಡುಗಳಂತೆ ಬಳಸಿ, ಅವನು ನೈಟ್ರೊಜನ್ನಿನ ಬೀಜಕೇಂದ್ರದಿಂದ ಒಂದು ಪ್ರೋಟಾನನ್ನು ಹೊರಗೆಡವಿದ್ದನು. ಈ ವಿಷಯ 1919ರಲ್ಲಿ ಪ್ರಕಟವಾಯಿತು. ಆದರೆ ಇಂತಹ ಗುಂಡುಗಳ ಸಂಖ್ಯೆ ಬಹಳ ಕಡಿಮೆ. ಅವುಗಳ ವೇಗವನ್ನು ಹೆಚ್ಚಿಸುವುದೂ ಮನುಷ್ಯನ ಕೈಯಲ್ಲಿರಲಿಲ್ಲ. ಬೀಜಕೇಂದ್ರವೂ ಧನಾವೇಶವುಳ್ಳದ್ದು, ಗುಂಡೂ ಧನಾವೇಶವುಳ್ಳದ್ದು. ಸಜಾತೀಯ ಆವೇಶಗಳು ಒಂದನ್ನೊಂದು ದೂಡುತ್ತವೆಯಾದ ಕಾರಣ ನಿಧಾನವಾಗಿ ಬರುವ ಕಣ ಕೋಟೆಯ ಗೋಡೆಯನ್ನು ಮುಟ್ಟುವ ಮುನ್ನವೇ ಹಿಂದಿರುಗಿಬಿಡುತ್ತದೆ. ಸಾಕಷ್ಟು ವೇಗದಿಂದ, ಸಾಕಷ್ಟು ಸಂಖ್ಯೆಯಲ್ಲಿ ಕಣಗಳನ್ನು ನುಗ್ಗಿಸಬಲ್ಲ ಸಾಧನ ಬೇಕೆಂದು ರುದರ್‌ಫರ್ಡ್ 1927ರಲ್ಲಿ ವಿದ್ವಾಂಸರ ಸಭೆಯೊಂದರಲ್ಲಿ ಆಶಿಸಿದನು.

ಇದಕ್ಕೆ ಎಲ್ಲರಿಗೂ ಹೊಳೆದ ಉಪಾಯ ಒಂದೇ: ಲಕ್ಷಾಂತರ ವೋಲ್ಟುಗಳ ವಿದ್ಯುತ್ ಒತ್ತಡವನ್ನು ಉಂಟುಮಾಡಿ, ಕಣವನ್ನು ಒಂದೇ ಸಲಕ್ಕೆ ಬಲವಾಗಿ ನೂಕುವುದು. ಆದರೆ ಅಷ್ಟು ಒತ್ತಡದಲ್ಲಿ ಕಿಡಿಗಳು ಸಿಡಿದು ಗಾಜಿನ ನಳಿಗೆಗಳು ಒಡೆಯುತ್ತಿದ್ದವು. ಆಲ್ಪ್ಸ್ ಪರ್ವತಶ್ರೇಣಿಯಲ್ಲಿ ಆಕಾಶದ ಮಿಂಚನ್ನೇ ಹಿಡಿದು ಬಳಸಲು ಹೊರಟ ಮೂವರು ತರುಣ ವಿಜ್ಞಾನಿಗಳಲ್ಲಿ ಒಬ್ಬನು 1928ರಲ್ಲಿ ಪ್ರಾಣವನ್ನೇ ತೆತ್ತನು.

1929ರ ಒಂದು ಸಂಜೆ ಲಾರೆನ್ಸ್ ಗ್ರಂಥಾಲಯದಲ್ಲಿ ಪತ್ರಿಕೆಗಳನ್ನು ತಿರುವಿಹಾಕುತ್ತಿದ್ದನು. ಜರ್ಮನ್ ಪತ್ರಿಕೆಯೊಂದರಲ್ಲಿ ನಾರ್ವೆಯ ರೋಲ್ಫ್ ವಿಡರೋ ಎಂಬ ಎಂಜಿನಿಯರ್ ಬರೆದ ಲೇಖನ ಅವನ ಕಣ್ಣಿಗೆ ಬಿದ್ದಿತು. ಲಾರೆನ್ಸನಿಗೆ ಜರ್ಮನ್ ಭಾಷೆ ಚೆನ್ನಾಗಿ ಬರುತ್ತಿರಲಿಲ್ಲ. ಆದರೆ ಚಿತ್ರಗಳೇ ಅವನೊಡನೆ ಮಾತನಾಡಿದವು. ವಿಡರೋ ಒಂದೇ ವಿದ್ಯುತ್ ಒತ್ತಡವನ್ನು ಎರಡು ಸಲ ಬಳಸಿ ಕಣಗಳಿಗೆ ಇಮ್ಮಡಿ ಶಕ್ತಿಯನ್ನು ಕೊಟ್ಟಿದ್ದನು. ಎರಡು ಸಲ ನೂಕಬಹುದಾದರೆ ನೂರು ಸಲ ಏಕೆ ನೂಕಬಾರದು? ಆದರೆ ನೇರವಾದ ದಾರಿಯಲ್ಲಿ ಒಂದರ ಮುಂದೊಂದು ನಳಿಗೆಗಳನ್ನು ಇಡುತ್ತ ಹೋದರೆ ಯಂತ್ರ ತೀರ ಉದ್ದವಾಗುತ್ತದೆ. ಆಗ ಲಾರೆನ್ಸನಿಗೆ ಮಹತ್ತ್ವದ ವಿಚಾರವೊಂದು ಹೊಳೆಯಿತು. ಕಾಂತಕ್ಷೇತ್ರದಲ್ಲಿ ಚಲಿಸುವ ವಿದ್ಯುತ್ಕಣದ ದಾರಿ ವೃತ್ತಾಕಾರವಾಗಿ ಬಾಗುತ್ತದೆ. ಹಾಗೆ ಬಾಗಿಸಿದರೆ ಕಣವು ಮತ್ತೆ ಮತ್ತೆ ಅದೇ ಎಡೆಗೆ ಬರುತ್ತದೆ. ಬಂದಾಗಲೆಲ್ಲ ಅದೇ ನೂಕನ್ನು ಕೊಡಬಹುದು.

ಪಂಚಮಿ ಹಬ್ಬದಲ್ಲಿ ಜೋಕಾಲಿ ತೂಗುವವರಿಗೆ ಈ ತತ್ತ್ವ ಹೊಸದಲ್ಲ. ಜೋಕಾಲಿಯನ್ನು ಒಂದೇ ಏಟಿಗೆ ಮರದ ಕೊಂಬೆಯ ಎತ್ತರಕ್ಕೆ ಏರಿಸಲು ಮಹಾಬಲಶಾಲಿಗೂ ಆಗದು. ಆದರೆ ಅದು ಹಿಂದಿರುಗಿ ಬಂದ ಕ್ಷಣದಲ್ಲಿ ಮೆಲ್ಲನೆ ನೂಕುತ್ತಿದ್ದರೆ ಸಣ್ಣ ಹುಡುಗಿಯೂ ಅದನ್ನು ಎತ್ತರಕ್ಕೆ ಒಯ್ಯಬಲ್ಲಳು. ಬಲಕ್ಕಿಂತ ಹೊತ್ತರಿಯುವುದೇ ಅಲ್ಲಿ ಮುಖ್ಯ.

ಲಾರೆನ್ಸನ ಯಂತ್ರದ ರಚನೆ ಹೀಗಿತ್ತು. ಚಪ್ಪಟೆಯಾದ ದುಂಡು ಡಬ್ಬಿಯೊಂದನ್ನು ನಡುವೆ ಎರಡಾಗಿ ಸೀಳಿದಂತೆ ಕಾಣುವ, ಇಂಗ್ಲಿಷಿನ 'ಡಿ' ಅಕ್ಷರದ ಆಕಾರದ ಎರಡು ಟೊಳ್ಳು ಲೋಹದ ಪೆಟ್ಟಿಗೆಗಳು. ಅವುಗಳ ನಡುವೆ ಕಿರಿದಾದ ಕಂಡಿ. ಇವನ್ನು ಗಾಳಿ ತೆಗೆದ ಕೋಶದಲ್ಲಿರಿಸಿ, ಪ್ರಬಲವಾದ ವಿದ್ಯುದಯಸ್ಕಾಂತದ ಎರಡು ಧ್ರುವಗಳ ನಡುವೆ ಇಡಲಾಗುತ್ತದೆ. ಪೆಟ್ಟಿಗೆಗಳಿಗೆ ಪರ್ಯಾಯ ವಿದ್ಯುತ್ತನ್ನು ಹಾಯಿಸಿದಾಗ ಒಂದು ಪೆಟ್ಟಿಗೆ ಧನವಾದರೆ ಇನ್ನೊಂದು ಋಣವಾಗುತ್ತದೆ, ಮರುಗಳಿಗೆಯಲ್ಲಿ ಅದಲುಬದಲಾಗುತ್ತದೆ. ನಡುವೆ ಬಿಟ್ಟ ಪ್ರೋಟಾನ್ ಋಣ ಪೆಟ್ಟಿಗೆಯ ಕಡೆಗೆ ಸೆಳೆಯಲ್ಪಟ್ಟು ಒಳನುಗ್ಗುತ್ತದೆ, ಅರ್ಧವೃತ್ತವಾಗಿ ತಿರುಗಿ ಕಂಡಿಗೆ ಮರಳುತ್ತದೆ. ಅಷ್ಟರಲ್ಲಿ ಎದುರು ಪೆಟ್ಟಿಗೆ ಋಣವಾಗಿರುತ್ತದೆ. ಪ್ರೋಟಾನಿಗೆ ಇನ್ನೊಂದು ನೂಕು ಸಿಗುತ್ತದೆ. ವೇಗ ಹೆಚ್ಚಿದಂತೆ ಅದು ಸುತ್ತುವ ವೃತ್ತವೂ ಅದೇ ಪ್ರಮಾಣದಲ್ಲಿ ಹಿರಿದಾಗುತ್ತದೆ. ಹೀಗಾಗಿ ಪ್ರತಿ ಸುತ್ತಿಗೂ ಹಿಡಿಯುವ ಕಾಲ ಒಂದೇ. ನೂಕುವ ವಿದ್ಯುತ್ತಿನ ಲಯವನ್ನು ಬದಲಿಸಬೇಕಾದ ಅಗತ್ಯವೇ ಇಲ್ಲ. ಸುರುಳಿ ಸುರುಳಿಯಾಗಿ ಹೊರಕ್ಕೆ ಬಂದ ಕಣ ಕೊನೆಗೆ ಅಂಚಿನಿಂದ ಚಿಮ್ಮಿ ಗುರಿಯನ್ನು ಬಡಿಯುತ್ತದೆ. ಈ ಯಂತ್ರಕ್ಕೆ ಮುಂದೆ ಸೈಕ್ಲೋಟ್ರಾನ್ ಎಂಬ ಹೆಸರು ನಿಂತಿತು.

ಕಾಗದದ ಮೇಲೆ ಸುಲಭವಾಗಿ ತೋರಿದ್ದು ಕೈಯಲ್ಲಿ ಸುಲಭವಾಗಲಿಲ್ಲ. ಕಣಗಳು ದಾರಿ ತಪ್ಪಿ ಗೋಡೆಗೆ ಬಡಿದು ಹಾಳಾಗುವುವೆಂದು ಹಲವರು ಸಂಶಯಪಟ್ಟರು. ಗಾಜು, ಲೋಹ, ಅರಗುಗಳಿಂದ ಮಾಡಿದ ಮೊದಲ ಮಾದರಿಗಳು 1930ರಲ್ಲಿ ಸಿದ್ಧವಾದವು. ಸ್ಟಾನ್ಲಿ ಲಿವಿಂಗ್‌ಸ್ಟನ್ ಎಂಬ ವಿದ್ಯಾರ್ಥಿ ತಾಳ್ಮೆಯಿಂದ ದುಡಿದು ಅವನ್ನು ತಿದ್ದಿದನು. 1931ರ ಜನವರಿ 2ರಂದು ಸುಮಾರು 11 ಸೆಂಟಿಮೀಟರ್ ವ್ಯಾಸದ ಯಂತ್ರವು 2,000 ವೋಲ್ಟಿಗಿಂತ ಕಡಿಮೆ ಒತ್ತಡವನ್ನು ಬಳಸಿ ಕಣಗಳಿಗೆ 80,000 ಇಲೆಕ್ಟ್ರಾನ್ ವೋಲ್ಟುಗಳ ಶಕ್ತಿಯನ್ನು ಕೊಟ್ಟಿತು. ಪುಟ್ಟ ನೂಕುಗಳು ಕೂಡಿ ಮಹಾಶಕ್ತಿಯಾಗಬಲ್ಲವೆಂಬುದು ಸಿದ್ಧವಾಯಿತು. ಅದೇ ವರ್ಷ ವಿಶ್ವವಿದ್ಯಾಲಯದ ಹಳೆಯ ಮರದ ಕಟ್ಟಡವೊಂದರಲ್ಲಿ ವಿಕಿರಣ ಪ್ರಯೋಗಶಾಲೆ ಆರಂಭವಾಯಿತು. 1932ರ ಆರಂಭದಲ್ಲಿ 28 ಸೆಂಟಿಮೀಟರ್ ವ್ಯಾಸದ ಯಂತ್ರವು ಹತ್ತು ಲಕ್ಷ ಇಲೆಕ್ಟ್ರಾನ್ ವೋಲ್ಟುಗಳ ಗಡಿಯನ್ನು ದಾಟಿತು. ಆಗ ಲಾರೆನ್ಸ್ ಸಂತೋಷದಿಂದ ಕೊಠಡಿಯಲ್ಲಿ ಕುಣಿದಾಡಿದನು.

ಆದರೆ ಆಯುಧ ಸಿದ್ಧವಾದ ಮಾತ್ರಕ್ಕೆ ಕೋಟೆ ವಶವಾಗುವುದಿಲ್ಲ. ಲಾರೆನ್ಸ್ ಯಂತ್ರವನ್ನು ಇನ್ನೂ ದೊಡ್ಡದು ಮಾಡುವ ಉತ್ಸಾಹದಲ್ಲಿದ್ದಾಗ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರುದರ್‌ಫರ್ಡನ ಶಿಷ್ಯರಾದ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಕಡಿಮೆ ಶಕ್ತಿಯ ಬೇರೊಂದು ಬಗೆಯ ಯಂತ್ರದಿಂದಲೇ 1932ರ ಏಪ್ರಿಲ್ ತಿಂಗಳಲ್ಲಿ ಲಿಥಿಯಮ್ ಬೀಜಕೇಂದ್ರವನ್ನು ಒಡೆದರು. ಆಗತಾನೆ ಮದುವೆಯಾಗಿ ಪತ್ನಿ ಮಾಲಿಯೊಡನೆ ಪ್ರವಾಸದಲ್ಲಿದ್ದ ಲಾರೆನ್ಸನಿಗೆ ಈ ಸುದ್ದಿ ತಲುಪಿತು. ಹೆಚ್ಚು ಬಲವುಳ್ಳ ಯಂತ್ರ ಅವನಲ್ಲಿತ್ತು. ಆದರೆ ಒಡೆದ ಚೂರುಗಳನ್ನು ಪತ್ತೆಹಚ್ಚುವ ಉಪಕರಣಗಳ ಕಡೆಗೆ ಅವನು ಸಾಕಷ್ಟು ಗಮನ ಕೊಟ್ಟಿರಲಿಲ್ಲ. ಮೊದಲಿಗನಾಗುವ ಅವಕಾಶ ಕೈತಪ್ಪಿತು.

ಮರುವರ್ಷ ಇನ್ನೊಂದು ಪೆಟ್ಟು ಬಿದ್ದಿತು. ಭಾರಜಲಜನಕದ ಬೀಜಕೇಂದ್ರವಾದ ಡ್ಯೂಟರಾನನ್ನು ಬೇರೆ ಬೇರೆ ಧಾತುಗಳ ಮೇಲೆ ಹೊಡೆದಾಗ ಎಲ್ಲ ಕಡೆಯೂ ಒಂದೇ ಬಗೆಯ ಕಣಗಳು ಹೊಮ್ಮಿದವು. ಡ್ಯೂಟರಾನೇ ಒಡೆಯುತ್ತಿದೆಯೆಂದು ಲಾರೆನ್ಸ್ ತೀರ್ಮಾನಿಸಿ, 1933ರ ಅಕ್ಟೋಬರ್‌ನಲ್ಲಿ ಬ್ರಸಲ್ಸ್ ನಗರದ ವಿಜ್ಞಾನಿಗಳ ಸಮ್ಮೇಳನದಲ್ಲಿ ಹಾಗೆಂದೇ ಪ್ರತಿಪಾದಿಸಿದನು. ಯುರೋಪಿನ ವಿದ್ವಾಂಸರು ಅದನ್ನು ಒಪ್ಪಲಿಲ್ಲ. ಬಾಲ್ಯದ ಗೆಳೆಯ ಟ್ಯೂವ್ ಕೂಡ ತನ್ನ ಪ್ರಯೋಗಗಳಲ್ಲಿ ಆ ಫಲಿತಾಂಶವನ್ನು ಕಾಣದೆ ಅದನ್ನು ಅಲ್ಲಗಳೆದನು. ನಿಜವಾಗಿ ನಡೆದಿದ್ದುದು ಬೇರೆ. ಭಾರಜಲಜನಕವು ಗುರಿಯ ವಸ್ತುಗಳಿಗೆಲ್ಲ ಅಂಟಿಕೊಂಡು, ಡ್ಯೂಟರಾನುಗಳು ಡ್ಯೂಟರಾನುಗಳನ್ನೇ ಬಡಿಯುತ್ತಿದ್ದವು. 1934ರಲ್ಲಿ ಲಾರೆನ್ಸ್ ತನ್ನ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡನು. ಗೆಳೆಯನು ತಿದ್ದಿದನೆಂದು ಅವನು ಯಂತ್ರದ ಕೆಲಸವನ್ನು ಬಿಡಲಿಲ್ಲ. ಅಳತೆಯಲ್ಲಿ ಎಚ್ಚರಿಕೆಯನ್ನು ಕಲಿತನು.

ಅದೇ ವರ್ಷದ ಮತ್ತೊಂದು ಪ್ರಸಂಗ ಇನ್ನೂ ಬೋಧಪ್ರದವಾದುದು. ಸ್ಥಿರವಾದ ಧಾತುಗಳನ್ನು ಕಣಗಳಿಂದ ಬಡಿದರೆ ಅವು ವಿಕಿರಣಶೀಲವಾಗುತ್ತವೆಂದೂ ಬಡಿಯುವುದನ್ನು ನಿಲ್ಲಿಸಿದ ಮೇಲೂ ಸ್ವಲ್ಪ ಕಾಲ ವಿಕಿರಣ ಸೂಸುತ್ತವೆಂದೂ ಪ್ಯಾರಿಸಿನ ಐರಿನ್ ಕ್ಯೂರಿ ಮತ್ತು ಫ್ರೆಡರಿಕ್ ಜೋಲಿಯೊ ದಂಪತಿಗಳು ಪ್ರಕಟಿಸಿದರು. 1934ರ ಫೆಬ್ರುವರಿಯಲ್ಲಿ ಈ ವಾರ್ತೆ ಬರ್ಕ್ಲಿಗೆ ತಲುಪಿತು. ಲಾರೆನ್ಸನ ಪ್ರಯೋಗಶಾಲೆಯಲ್ಲಿ ಬಹಳ ದಿನಗಳಿಂದ ಇದೇ ವಿದ್ಯಮಾನ ಪ್ರತಿದಿನವೂ ನಡೆಯುತ್ತಿತ್ತು. ಆದರೆ ಸೈಕ್ಲೋಟ್ರಾನಿಗೂ ವಿಕಿರಣವನ್ನು ಎಣಿಸುವ ಗೈಗರ್ ಎಣಿಕೆಯಂತ್ರಕ್ಕೂ ಒಂದೇ ಸ್ವಿಚ್ಚು ಇತ್ತು. ಒಂದನ್ನು ಆರಿಸಿದೊಡನೆ ಇನ್ನೊಂದೂ ಆರಿಹೋಗುತ್ತಿತ್ತು. ಯಂತ್ರ ನಿಂತ ಮೇಲೆ ನಡೆಯುವುದನ್ನು ಕೇಳಲು ಕಿವಿಯೇ ಇರಲಿಲ್ಲ! ವಾರ್ತೆ ತಲುಪಿದ ಅರ್ಧ ಗಂಟೆಯೊಳಗೆ ಸ್ವಿಚ್ಚುಗಳನ್ನು ಬೇರ್ಪಡಿಸಿ, ಇಂಗಾಲದ ಗುರಿಯನ್ನು ಬಡಿದು, ಸೈಕ್ಲೋಟ್ರಾನನ್ನು ನಿಲ್ಲಿಸಿದರು. ನಿಶ್ಶಬ್ದವಾದ ಕೋಣೆಯಲ್ಲಿ ಎಣಿಕೆಯಂತ್ರ ಟಕಟಕನೆ ಸದ್ದು ಮಾಡತೊಡಗಿತು. ನೊಬೆಲ್ ಪಾರಿತೋಷಕಕ್ಕೆ ಅರ್ಹವಾದ ಸಂಶೋಧನೆಯೊಂದು ತಮ್ಮ ಕೈಯಡಿಯಲ್ಲೇ ಇದ್ದು ಕೈತಪ್ಪಿಹೋಯಿತೆಂಬುದು ಅಲ್ಲಿದ್ದವರಿಗೆಲ್ಲ ಅರಿವಾಯಿತು.

ಲಾರೆನ್ಸ್ ಈ ಸೋಲುಗಳಿಂದ ಕುಗ್ಗಲಿಲ್ಲ. ಜೋಲಿಯೊ ದಂಪತಿಗಳು ತೋರಿಸಿದ ದಾರಿಯಲ್ಲಿ ಅವನ ಯಂತ್ರವೇ ಅತ್ಯಂತ ದೂರ ಸಾಗಿತು. ಸೈಕ್ಲೋಟ್ರಾನಿನಿಂದ ವಿಕಿರಣಶೀಲ ಸೋಡಿಯಮ್, ರಂಜಕ, ಅಯೊಡೀನ್ ಮುಂತಾದವನ್ನು ಬೇಕಾದಷ್ಟು ತಯಾರಿಸುವುದು ಸಾಧ್ಯವಾಯಿತು. ಯಂತ್ರದಲ್ಲಿ ಬಳಸಿ ತೆಗೆದಿಟ್ಟ ಮಾಲಿಬ್ಡಿನಮ್ ತುಂಡೊಂದನ್ನು ಲಾರೆನ್ಸ್ ಇಟಲಿಯ ಸೆಗ್ರೆ ಎಂಬ ವಿಜ್ಞಾನಿಗೆ ಕಳುಹಿಸಿಕೊಟ್ಟನು. ಅದರಲ್ಲಿ 1937ರಲ್ಲಿ 43ನೆಯ ಧಾತು ದೊರೆಯಿತು. ಮಾನವನು ಕೃತಕವಾಗಿ ತಯಾರಿಸಿದ ಈ ಮೊದಲ ಧಾತುವೇ ಟೆಕ್ನೀಷಿಯಮ್. ಇಂದು ಆಸ್ಪತ್ರೆಗಳಲ್ಲಿ ಹೃದಯ, ಮೂಳೆ ಮೊದಲಾದ ಅಂಗಗಳನ್ನು ಪರೀಕ್ಷಿಸಲು ಇದರ ಒಂದು ರೂಪವನ್ನು ಬಳಸುತ್ತಾರೆ. ಪ್ರಾಚೀನ ವಸ್ತುಗಳ ಕಾಲವನ್ನು ನಿರ್ಣಯಿಸಲು ನೆರವಾಗುವ ಕಾರ್ಬನ್-14 ಎಂಬ ಇಂಗಾಲದ ರೂಪವೂ 1940ರಲ್ಲಿ ಇದೇ ಪ್ರಯೋಗಶಾಲೆಯಲ್ಲಿ ಪತ್ತೆಯಾಯಿತು.

ಲಾರೆನ್ಸನ ತಮ್ಮ ಜಾನ್ ವೈದ್ಯನಾಗಿದ್ದನು. ಅವನು ಅಣ್ಣನ ಬಳಿಗೆ ಬಂದು ವಿಕಿರಣಗಳಿಂದ ರೋಗಚಿಕಿತ್ಸೆ ಮಾಡುವ ಕೆಲಸದಲ್ಲಿ ತೊಡಗಿದನು. 1937ರಲ್ಲಿ ತಾಯಿ ಗುಂಡಾಳಿಗೆ ಗರ್ಭಕೋಶದ ಅರ್ಬುದರೋಗವಿದೆಯೆಂದು ತಿಳಿದುಬಂದಿತು. ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲವೆಂದು ವೈದ್ಯರು ಕೈಚೆಲ್ಲಿದರು. ಸೋದರರಿಬ್ಬರೂ ತಾಯಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಕರೆತಂದರು. ಲಾರೆನ್ಸನ ಪ್ರಯೋಗಶಾಲೆಯಲ್ಲಿ ರೂಪುಗೊಂಡ ಪ್ರಬಲ ಎಕ್ಸ್-ಕಿರಣ ಯಂತ್ರವೊಂದು ಅಲ್ಲಿನ ಆಸ್ಪತ್ರೆಯಲ್ಲಿತ್ತು. ಅದರ ಚಿಕಿತ್ಸೆಯಿಂದ ಆಕೆ ಗುಣಮುಖಳಾಗಿ, ಆ ಬಳಿಕ ಹತ್ತು ವರ್ಷಗಳಿಗೂ ಮಿಕ್ಕಿ ಬಾಳಿದಳು. ಪರಮಾಣುವಿನ ಬಾಗಿಲು ತಟ್ಟಲು ಹೊರಟ ಮಗನಿಗೆ ಇದಕ್ಕಿಂತ ದೊಡ್ಡ ಪ್ರತಿಫಲ ಬೇರೆ ಯಾವುದಿದ್ದೀತು?

1939ರಲ್ಲಿ ಲಾರೆನ್ಸನಿಗೆ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು. ಯುದ್ಧ ಆರಂಭವಾಗಿದ್ದುದರಿಂದ ಅವನು ಸ್ವೀಡನ್ನಿಗೆ ಹೋಗಲಾಗಲಿಲ್ಲ; 1940ರ ಫೆಬ್ರುವರಿ 29ರಂದು ಬರ್ಕ್ಲಿಯಲ್ಲಿಯೇ ಅದನ್ನು ಸ್ವೀಕರಿಸಿದನು. ಭೌತವಿಜ್ಞಾನಿ, ರಸಾಯನವಿಜ್ಞಾನಿ, ಎಂಜಿನಿಯರ್, ವೈದ್ಯ ಎಲ್ಲರೂ ಒಂದೇ ಸೂರಿನಡಿ ಕೂಡಿ ದುಡಿಯುವ ಪದ್ಧತಿಯನ್ನು ಅವನು ಬೆಳೆಸಿದ್ದನು. ಯಂತ್ರದ ನಕ್ಷೆಗಳನ್ನೂ ಅನುಭವವನ್ನೂ ಕೇಳಿದವರಿಗೆಲ್ಲ ಉದಾರವಾಗಿ ಕೊಡುತ್ತಿದ್ದನು. ಭಾರತದ ಮೇಘನಾದ ಸಾಹಾ ಅವರ ಶಿಷ್ಯರಾದ ಬಾಸಂತೀ ದುಲಾಲ್ ನಾಗಚೌಧುರಿ ಅವರು 1938ರಲ್ಲಿ ಬರ್ಕ್ಲಿಗೆ ಹೋಗಿ ಲಾರೆನ್ಸನ ಬಳಿ ಅಧ್ಯಯನ ನಡೆಸಿ, ಸ್ವದೇಶಕ್ಕೆ ಮರಳಿ ಕಲ್ಕತ್ತೆಯಲ್ಲಿ ಸೈಕ್ಲೋಟ್ರಾನ್ ಕಟ್ಟುವ ಕೆಲಸಕ್ಕೆ ಕೈಹಾಕಿದರು. ಜಪಾನಿನ ನಿಶಿನ ಎಂಬ ವಿಜ್ಞಾನಿಯೂ ಲಾರೆನ್ಸನ ನೆರವಿನಿಂದ ಟೋಕಿಯೊ ನಗರದಲ್ಲಿ ಸೈಕ್ಲೋಟ್ರಾನುಗಳನ್ನು ನಿರ್ಮಿಸಿದನು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಜಗತ್ತನ್ನು ಆವರಿಸಿತು. ಅಣುಬಾಂಬಿಗೆ ಬೇಕಾದ ಯುರೇನಿಯಮ್-235 ಎಂಬ ಅಪರೂಪದ ರೂಪವನ್ನು ಸಾಮಾನ್ಯ ಯುರೇನಿಯಮ್ಮಿನಿಂದ ಬೇರ್ಪಡಿಸುವ ಹೊಣೆ ಲಾರೆನ್ಸನ ಮೇಲೆ ಬಿದ್ದಿತು. ಕಾಂತಕ್ಷೇತ್ರದಲ್ಲಿ ಹಗುರ ಕಣ ಹೆಚ್ಚು ಬಾಗುತ್ತದೆ, ಭಾರದ ಕಣ ಕಡಿಮೆ ಬಾಗುತ್ತದೆ. ಸೈಕ್ಲೋಟ್ರಾನಿನ ಅನುಭವವೇ ಇಲ್ಲಿ ಬಳಕೆಗೆ ಬಂದಿತು. ಓಕ್ ರಿಜ್ ಎಂಬಲ್ಲಿ ಬೃಹತ್ ಕಾರ್ಖಾನೆ ಎದ್ದು ನಿಂತಿತು. ತಾಮ್ರದ ಅಭಾವದಿಂದ ಅಯಸ್ಕಾಂತಗಳ ಸುರುಳಿಗಳಿಗೆ ಸರ್ಕಾರದ ಖಜಾನೆಯ ಸಾವಿರಾರು ಟನ್ನು ಬೆಳ್ಳಿಯನ್ನು ಬಳಸಲಾಯಿತು. ಬಾಂಬನ್ನು ಜನರ ಮೇಲೆ ಹಾಕದೆ ನಿರ್ಜನ ಪ್ರದೇಶದಲ್ಲಿ ಸಿಡಿಸಿ ತೋರಿಸಬಹುದೇ ಎಂಬ ಪ್ರಶ್ನೆ 1945ರಲ್ಲಿ ನಾಲ್ವರು ವಿಜ್ಞಾನಿಗಳ ಸಲಹಾ ಮಂಡಲಿಯ ಮುಂದೆ ಬಂದಿತು. ಲಾರೆನ್ಸ್ ಆ ನಾಲ್ವರಲ್ಲಿ ಒಬ್ಬ. ಹಾಗೆ ತೋರಿಸಿದ ಮಾತ್ರಕ್ಕೆ ಯುದ್ಧ ನಿಲ್ಲುವ ಭರವಸೆಯಿಲ್ಲವೆಂದು ಮಂಡಲಿ ವರದಿ ಮಾಡಿತು. ಆಗಸ್ಟ್ 6ರಂದು ಯುರೇನಿಯಮ್ ಬಾಂಬು ಹಿರೋಶಿಮ ನಗರವನ್ನು ಸುಟ್ಟು ಬೂದಿಮಾಡಿತು.

ಅದು ಅಣುಬಾಂಬೇ ಎಂಬುದನ್ನು ಹಿರೋಶಿಮಕ್ಕೆ ಹೋಗಿ ನೋಡಿ ದೃಢಪಡಿಸಿದವನು ಲಾರೆನ್ಸನ ನೆರವು ಪಡೆದಿದ್ದ ಆ ನಿಶಿನನೇ. ಅದೇ ವರ್ಷದ ನವೆಂಬರ್‌ನಲ್ಲಿ ಅಮೆರಿಕದ ಸೈನಿಕರು ನಿಶಿನನ ಸೈಕ್ಲೋಟ್ರಾನುಗಳನ್ನು ಕಳಚಿ ಟೋಕಿಯೊ ಕೊಲ್ಲಿಯ ನೀರಿಗೆ ಎಸೆದರು. ಒಂದೇ ವಿದ್ಯೆ ಒಂದೆಡೆ ತಾಯಿಯ ಪ್ರಾಣ ಉಳಿಸಿತು. ಇನ್ನೊಂದೆಡೆ ಸಾವಿರಾರು ತಾಯಂದಿರನ್ನೂ ಮಕ್ಕಳನ್ನೂ ಬಲಿ ತೆಗೆದುಕೊಂಡಿತು. ಯಂತ್ರಕ್ಕೆ ಕರುಣೆಯೂ ಇಲ್ಲ, ಕ್ರೌರ್ಯವೂ ಇಲ್ಲ. ಅವೆರಡೂ ಅದನ್ನು ನಡೆಸುವವರಿಗೆ ಸೇರಿದವು.

ಯುದ್ಧಾನಂತರ ಲಾರೆನ್ಸ್ ಮತ್ತೆ ಯಂತ್ರಗಳ ಕಡೆಗೆ ತಿರುಗಿದನು. ಕಣದ ವೇಗ ಬೆಳಕಿನ ವೇಗವನ್ನು ಸಮೀಪಿಸಿದಂತೆ ಅದು ಭಾರವಾದಂತೆ ವರ್ತಿಸಿ ಸುತ್ತಿನಲ್ಲಿ ಹಿಂದೆ ಬೀಳುತ್ತದೆ. ನೂಕಿನ ಹೊತ್ತು ತಪ್ಪುತ್ತದೆ. ನೂಕುವ ಲಯವನ್ನೇ ಕ್ರಮೇಣ ನಿಧಾನಗೊಳಿಸಿದರೆ ಈ ತೊಡಕು ನೀಗುವುದೆಂಬುದನ್ನು ರಷ್ಯದ ವೆಕ್ಸ್‌ಲರ್ ಮತ್ತು ಬರ್ಕ್ಲಿಯ ಮ್ಯಾಕ್‌ಮಿಲನ್ ಬೇರೆ ಬೇರೆಯಾಗಿ ಕಂಡುಕೊಂಡರು. ಸುಮಾರು 4,000 ಟನ್ ತೂಕದ ಅಯಸ್ಕಾಂತವುಳ್ಳ ಹೊಸ ಯಂತ್ರ ಈ ತತ್ತ್ವದಂತೆ 1946ರ ನವೆಂಬರ್‌ನಲ್ಲಿ ಕೆಲಸ ಆರಂಭಿಸಿತು. 1955ರಲ್ಲಿ ಇನ್ನೂ ದೊಡ್ಡದಾದ ಯಂತ್ರದ ನೆರವಿನಿಂದ ಪ್ರತಿಪ್ರೋಟಾನ್ ಎಂಬ ಕಣ ಬರ್ಕ್ಲಿಯಲ್ಲಿ ಪತ್ತೆಯಾಯಿತು.

ಇದೇ ಕಾಲದಲ್ಲಿ ಲಾರೆನ್ಸ್ ಜಲಜನಕ ಬಾಂಬಿನ ನಿರ್ಮಾಣವನ್ನು ಬೆಂಬಲಿಸಿದನು. ಈ ವಿಷಯದಲ್ಲಿ ಆಪ್ತಮಿತ್ರ ರಾಬರ್ಟ್ ಆಪನ್‌ಹೈಮರನೊಡನೆ ಅವನಿಗೆ ಭಿನ್ನಾಭಿಪ್ರಾಯ ಬೆಳೆಯಿತು. ಒಮ್ಮೆ ತನ್ನ ಮಗನಿಗೆ ಯಾರ ಹೆಸರನ್ನಿಟ್ಟಿದ್ದನೋ ಆ ಗೆಳೆಯನಿಂದಲೇ ಅವನು ದೂರವಾದನು. 1958ರ ಬೇಸಗೆಯಲ್ಲಿ, ಅಣ್ವಸ್ತ್ರ ಪರೀಕ್ಷೆಗಳನ್ನು ನಿಲ್ಲಿಸುವುದಾದರೆ ಗುಟ್ಟಾಗಿ ನಡೆಸಿದ ಪರೀಕ್ಷೆಯನ್ನು ಪತ್ತೆಹಚ್ಚುವ ಬಗೆಯನ್ನು ಚರ್ಚಿಸಲು ಜಿನೀವದಲ್ಲಿ ಸಮ್ಮೇಳನ ಸೇರಿತು. ಕರುಳಿನ ಬೇನೆಯಿಂದ ಬಳಲುತ್ತಿದ್ದರೂ ರಾಷ್ಟ್ರಾಧ್ಯಕ್ಷ ಐಸನ್‌ಹೋವರನ ಕೋರಿಕೆಯಂತೆ ಲಾರೆನ್ಸ್ ಅಲ್ಲಿಗೆ ಹೋದನು. ಅಲ್ಲಿ ರೋಗ ಉಲ್ಬಣಿಸಿತು. ಸ್ವದೇಶಕ್ಕೆ ಮರಳಿ ಶಸ್ತ್ರಚಿಕಿತ್ಸೆಗೆ ಒಳಗಾದರೂ ಫಲ ಸಿಗದೆ ಆಗಸ್ಟ್ 27ರಂದು ತನ್ನ 57ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದನು. 1961ರಲ್ಲಿ ಬರ್ಕ್ಲಿಯಲ್ಲಿ ದೊರೆತ 103ನೆಯ ಧಾತುವಿಗೆ ಅವನ ಗೌರವಾರ್ಥ ಲಾರೆನ್ಸಿಯಮ್ ಎಂದು ಹೆಸರಿಡಲಾಯಿತು.

ಲಾರೆನ್ಸನು ಬಿತ್ತಿದ ಬೀಜ ಇಂದು ಹೆಮ್ಮರವಾಗಿದೆ. ಕಲ್ಕತ್ತೆಯ ದೊಡ್ಡ ಸೈಕ್ಲೋಟ್ರಾನಿನಲ್ಲಿ 1977ರಲ್ಲಿ ಮೊದಲ ಕಣಧಾರೆ ಹೊಮ್ಮಿತು. ಬೆಂಗಳೂರು ಸೇರಿದಂತೆ ನಮ್ಮ ದೇಶದ ಹಲವು ನಗರಗಳಲ್ಲಿ, ಅರ್ಬುದರೋಗವನ್ನು ಗುರುತಿಸಲು ಬೇಕಾದ ವಿಕಿರಣಶೀಲ ವಸ್ತುಗಳನ್ನು ಸಣ್ಣ ಸೈಕ್ಲೋಟ್ರಾನುಗಳಲ್ಲಿ ತಯಾರಿಸುತ್ತಾರೆ. ಜಿನೀವದ ಬಳಿ ನೆಲದಾಳದಲ್ಲಿ 27 ಕಿಲೋಮೀಟರ್ ಸುತ್ತಳತೆಯ ಕಣವೇಗವರ್ಧಕವಿದೆ. ಅದರಲ್ಲಿ ಪ್ರೋಟಾನುಗಳು ಸೆಕೆಂಡಿಗೆ 11,000ಕ್ಕೂ ಹೆಚ್ಚು ಸುತ್ತು ಹಾಕುತ್ತವೆ. ಎದುರುಬದುರಾಗಿ ಬಂದ ಪ್ರೋಟಾನುಗಳ ಡಿಕ್ಕಿಗಳಲ್ಲಿ 2012ರಲ್ಲಿ ಹಿಗ್ಸ್ ಬೋಸಾನ್ ಎಂಬ ಕಣ ಗೋಚರವಾಯಿತು. ಗಾತ್ರ ಎಷ್ಟೇ ಬದಲಾಗಲಿ, ಬಾಗಿಸಿ ಮರಳಿ ತರುವುದು, ಹೊತ್ತರಿತು ನೂಕುವುದು ಎಂಬ ಮೂಲತತ್ತ್ವ ಅಲ್ಲಿಯೂ ಉಳಿದಿದೆ.

ಆ ಯಂತ್ರದ ಸುತ್ತ ಕಣಗಳನ್ನು ನೂಕುವ ಉಪಕರಣಗಳಷ್ಟೇ ಅಲ್ಲದೆ, ಡಿಕ್ಕಿಯಿಂದ ಸಿಡಿದ ಪ್ರತಿಯೊಂದು ಚೂರನ್ನೂ ಗುರುತಿಸಲು ಹಲವು ಅಂತಸ್ತುಗಳ ಎತ್ತರದ ಶೋಧಕಗಳು ನಿಂತಿವೆ. ಬರ್ಕ್ಲಿಯ ಆ ಒಂಟಿ ಸ್ವಿಚ್ಚಿನ ಪಾಠವನ್ನು ವಿಜ್ಞಾನ ಮರೆತಿಲ್ಲ. ಪ್ರಕೃತಿಯ ಬಾಗಿಲನ್ನು ತಟ್ಟಲು ಬಲ ಬೇಕು; ಆದರೆ ತಟ್ಟಿದ ಮೇಲೆ ಒಳಗಿನಿಂದ ಬರುವ ದನಿಯನ್ನು ಆಲಿಸಲು ತಾಳ್ಮೆ ಬೇಕು; ತೆರೆದ ಬಾಗಿಲಿನಿಂದ ದೊರೆತುದನ್ನು ಬಳಸಲು ವಿವೇಕ ಬೇಕು. ಇವುಗಳಲ್ಲಿ ಮೊದಲನೆಯದನ್ನು ಲಾರೆನ್ಸ್ ತನ್ನ ಪ್ರತಿಭೆಯಿಂದ ಗಳಿಸಿದನು, ಎರಡನೆಯದನ್ನು ತನ್ನ ಸೋಲುಗಳಿಂದ ಕಲಿತನು. ಮೂರನೆಯದು ಅವನ ಕಾಲದ ಜಗತ್ತಿಗೆ ಪೂರ್ಣವಾಗಿ ದಕ್ಕಲಿಲ್ಲ. ಅದನ್ನು ಗಳಿಸುವ ಹೊಣೆ ಮುಂದಿನ ಪೀಳಿಗೆಗಳ ಮೇಲಿದೆ.